ಟರ್ಬೊ ಆಯಿಲ್ ರಿಟರ್ನ್ ಚೇಂಬರ್‌ಗೆ ಎಲ್ಲಿ ಕೊಡೋದು? ಡ್ರೈನ್ ಬೋಲ್ಟ್‌ಗೇ ಕೊಟ್ಟರೆ ಆಗುತ್ತಾ?

ಮಲೆನಾಡ್_ಜಿಪ್ಸಿ
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳಲೇಬೇಕಾಗಿ ಬಂತು.

ಗಾಡಿ 2004ರ ಜಿಪ್ಸಿ, 1.3 ಲೀಟರ್ ಎಂಪಿಎಫ್‌ಐ ಪೆಟ್ರೋಲ್. ಸಕಲೇಶಪುರದ ಹತ್ತಿರ ನಮ್ಮ ತೋಟ. ವಾರಕ್ಕೆ ಎರಡು ಸಲ ಗುಡ್ಡ ಹತ್ತುವ ಕೆಲಸ, ಉಳಿದ ದಿನ ಶೆಡ್‌ನಲ್ಲಿ ನಿದ್ದೆ. ಎರಡು ವರ್ಷದಿಂದ ಇದಕ್ಕೆ ಟರ್ಬೊ (ಎಂಜಿನ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ಒತ್ತುವ ಪಂಪ್) ಹಾಕಬೇಕು ಅನ್ನೋ ಹುಚ್ಚು. ಶಿವಾಜಿನಗರದ ಗುಜರಿಯಲ್ಲಿ ಸ್ವಿಫ್ಟ್ ಡೀಸೆಲ್‌ನ ಟರ್ಬೊ ಒಂದು ಸಿಕ್ಕಿತು, 75 ಎಚ್‌ಪಿ ಎಂಜಿನ್‌ದು. ಶಾಫ್ಟ್ ಅಲ್ಲಾಡಿಸಿ ನೋಡಿದೆ, ಆಟ ಜಾಸ್ತಿ ಇಲ್ಲ. ಟರ್ಬೊ ಕೂರಿಸುವ ಮ್ಯಾನಿಫೋಲ್ಡ್ ಮಾಡಿಸಿದ್ದಾಯಿತು. ಆಯಿಲ್ ಪ್ರೆಷರ್ ಸ್ವಿಚ್ ಇರುವ ಕಡೆ ಟಿ ಹಾಕಿ, ಟರ್ಬೊಗೆ ಆಯಿಲ್ ಕೊಡುವ ಫೀಡ್ ಲೈನ್ ತೆಗೆದುಕೊಂಡಿದ್ದೇನೆ.

ಈಗ ಸಿಕ್ಕಿ ಬಿದ್ದಿರುವುದು ರಿಟರ್ನ್ ವಿಷಯದಲ್ಲಿ, ಅಂದರೆ ಆ ಆಯಿಲ್ ಎಂಜಿನ್ ಅಡಿಯ ಆಯಿಲ್ ಚೇಂಬರ್‌ಗೆ ವಾಪಸ್ ಹೋಗುವ ದಾರಿ. ನಮ್ಮೂರ ಮೆಕ್ಯಾನಿಕ್ ಹೇಳುವುದು: "ಚೇಂಬರ್ ಡ್ರೈನ್ ಬೋಲ್ಟ್ ತೆಗೆದು ಅಲ್ಲಿಗೊಂದು ನಿಪ್ಪಲ್ ಹಾಕಿ, ಟರ್ಬೊ ಕೆಳಗಿನಿಂದ ಹೋಸ್ ಎಳೆದರೆ ಮುಗೀತು. ವೆಲ್ಡಿಂಗ್ ಬೇಡ, ಬಿಚ್ಚೋದು ಬೇಡ, ಅರ್ಧ ಗಂಟೆ ಕೆಲಸ." ಕೇಳಲು ಚೆನ್ನಾಗಿದೆ. ಆದರೆ ಹಾಸನದ ಗೆಳೆಯನೊಬ್ಬ "ಹಾಗೆ ಮಾಡಿದರೆ ಹೊಗೆ ಹೊಡೆಯುತ್ತೆ ನೋಡು" ಅಂತ ಹೆದರಿಸಿದ್ದಾನೆ. ಯಾಕೆ ಅಂತ ಅವನಿಗೂ ಗೊತ್ತಿಲ್ಲ.

ಡ್ರೈನ್ ಬೋಲ್ಟ್‌ಗೆ ಕೊಡಬಹುದಾ? ಬೇಡ ಅಂದರೆ ಚೇಂಬರ್‌ನಲ್ಲಿ ಎಷ್ಟು ಎತ್ತರಕ್ಕೆ ತೂತು ಹೊಡೆಯಬೇಕು? ಚೇಂಬರ್ ತಗಡಿನದು, ಅಲ್ಯೂಮಿನಿಯಂ ಅಲ್ಲ.

ಗುಜರಿ_ಗುರು
ಡ್ರೈನ್ ಬೋಲ್ಟ್‌ಗೆ ಕೊಡಬೇಡಿ. ಮುಂದಿನ ಪ್ರಶ್ನೆ?

ಡೀಸೆಲ್_ದೇವ್ರು
ಯಾಕೆ ಕೊಡಬಾರದು ಅಂತಾನೂ ಹೇಳಿ ಗುರುಗಳೇ. ಆಯಿಲ್ ಪಂಪ್ ಮೂರು ನಾಲ್ಕು ಕೆಜಿ ಪ್ರೆಷರ್ ಕೊಡುತ್ತದೆ. ಆ ಪ್ರೆಷರ್ ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆಯಿಂದ ಬರಲೇಬೇಕು. ಕೆಳಗೆ ಕೊಡಿ, ಮೇಲೆ ಕೊಡಿ, ಆಯಿಲ್‌ಗೆ ಏನು ವ್ಯತ್ಯಾಸ?

ಲೇತ್_ಮೇಷ್ಟ್ರು
@ಡೀಸೆಲ್_ದೇವ್ರು ಇಲ್ಲೇ ಎಲ್ಲರೂ ಎಡವುವುದು. ಪ್ರೆಷರ್ ಇರುವುದು ಬೇರಿಂಗ್ ತನಕ ಮಾತ್ರ. ಟರ್ಬೊ ಒಳಗಿನ ಬೇರಿಂಗ್‌ಗೂ ಶಾಫ್ಟ್‌ಗೂ ನಡುವೆ ಕೂದಲೆಳೆಯಷ್ಟು ಜಾಗ. ಆಯಿಲ್ ಅಲ್ಲಿಂದ ತೂರಿಕೊಂಡು ಹೊರಗೆ ಬಂದ ಮೇಲೆ ಅದರ ಪ್ರೆಷರ್ ಸತ್ತುಹೋಯಿತು. ಆಮೇಲೆ ಅದು ಹೌಸಿಂಗ್ ಒಳಗೆ ಸುಮ್ನೆ ಬೀಳುವುದು, ಅಷ್ಟೇ. ಶಾಫ್ಟ್ ನಿಮಿಷಕ್ಕೆ ಒಂದೂವರೆ ಎರಡು ಲಕ್ಷ ಸುತ್ತು ತಿರುಗುವಾಗ ಆಯಿಲ್ ಗಾಳಿ ಜೊತೆ ಬೆರೆತು ನೊರೆ ಆಗಿರುತ್ತದೆ. ಫಿಲ್ಟರ್ ಕಾಫಿಯ ನೊರೆ ಅಂದುಕೊಳ್ಳಿ. ಆ ನೊರೆ ಸ್ವಂತ ಭಾರದಿಂದ ಕೆಳಗಿಳಿಯಬೇಕು. ತಳ್ಳುವವರು ಯಾರೂ ಇಲ್ಲ. ಅದಕ್ಕೇ ಫೀಡ್ ಲೈನ್ ಪೆನ್ಸಿಲ್ ದಪ್ಪ ಇದ್ದರೆ ಸಾಕು, ರಿಟರ್ನ್ ಹೆಬ್ಬೆರಳು ದಪ್ಪ ಬೇಕು.

ಇನ್ನೊಂದು ವಿಷಯ. ಟರ್ಬೊದಲ್ಲಿ ನಾವು ಸೀಲ್ ಅನ್ನುತ್ತೇವಲ್ಲ, ಅದು ಕ್ರ್ಯಾಂಕ್ ಸೀಲ್ ತರಹ ರಬ್ಬರ್ ತುಟಿ ಇರುವಂಥದ್ದಲ್ಲ. ಚಿಕ್ಕ ಪಿಸ್ಟನ್ ರಿಂಗ್. ನಿಂತ ಆಯಿಲನ್ನು ತಡೆದು ಹಿಡಿಯುವ ಶಕ್ತಿ ಅದಕ್ಕಿಲ್ಲ. ಕೆಳಗೆ ದಾರಿ ಕಟ್ಟಿ ಹೌಸಿಂಗ್ ತುಂಬಿತು ಅಂದರೆ ಒಂದು ಕಡೆ ಟರ್ಬೈನ್‌ಗೆ (ಹೊಗೆ ಹಾಯುವ ಬದಿ) ಹೋಗಿ ನೀಲಿ ಹೊಗೆ, ಇನ್ನೊಂದು ಕಡೆ ಕಂಪ್ರೆಸರ್‌ಗೆ (ಗಾಳಿ ಒತ್ತುವ ಬದಿ) ಹೋಗಿ ಇಂಟೇಕ್ ಪೈಪೆಲ್ಲ ಎಣ್ಣೆ.

ಡ್ರೈನ್ ಬೋಲ್ಟ್ ಇರುವುದು ಚೇಂಬರ್‌ನ ತಳದಲ್ಲಿ, ಮೂರೂವರೆ ಲೀಟರ್ ಆಯಿಲ್‌ನ ಅಡಿಯಲ್ಲಿ. ಹೋಸ್ ಒಳಗೂ ಅಷ್ಟೇ ಮಟ್ಟಕ್ಕೆ ಆಯಿಲ್ ಯಾವಾಗಲೂ ನಿಂತಿರುತ್ತದೆ. ಹಗುರವಾದ ನೊರೆ ಆ ನಿಂತ ಆಯಿಲನ್ನು ತಳ್ಳಿಕೊಂಡು ಕೆಳಗೆ ಹೋಗಬೇಕು. ಹೋಗಲ್ಲ. ಮೇಲಕ್ಕೆ ಕಟ್ಟಿಕೊಳ್ಳುತ್ತದೆ.

ಅಡಿಕೆ_ಪಡ್ಡೆ
ಮೇಷ್ಟ್ರು ಹೇಳಿದ್ದನ್ನ ತೋಟದ ಭಾಷೆಯಲ್ಲಿ ಹೇಳ್ತೀನಿ. ಅಡಿಕೆ ತೋಟದ ಬಸಿಗಾಲುವೆ ಹಳ್ಳಕ್ಕೆ ಬೀಳುತ್ತದೆ. ಹಳ್ಳದ ನೀರು ಕಾಲುವೆಯ ಬಾಯಿಗಿಂತ ಕೆಳಗಿದ್ದರೆ ಎಂಥ ಮಳೆ ಬಂದರೂ ಬಸಿಯುತ್ತದೆ. ಆಷಾಢದಲ್ಲಿ ಹಳ್ಳ ತುಂಬಿ ಬಾಯಿ ಮುಳುಗಿತು ಅಂದರೆ ನೀರು ತೋಟದೊಳಗೇ ನಿಲ್ಲುತ್ತದೆ, ಬುಡ ಕೊಳೆಯುತ್ತದೆ. ಟರ್ಬೊ ನಿಮ್ಮ ತೋಟ, ಚೇಂಬರ್ ಹಳ್ಳ.

ಡೀಸೆಲ್_ದೇವ್ರು
ಸರಿ, ಬಸಿಗಾಲುವೆ ಅರ್ಥ ಆಯಿತು. ಆದರೂ ಇದೇ ತರಹ ಡ್ರೈನ್ ಬೋಲ್ಟ್‌ಗೆ ಕೊಟ್ಟು ಓಡಿಸುತ್ತಿರುವ ಗಾಡಿ ನಾನು ಕಣ್ಣಾರೆ ನೋಡಿದ್ದೇನೆ. ಟರ್ಬೊ ಬಹಳ ಎತ್ತರದಲ್ಲಿದ್ದರೆ ನಡೆಯುತ್ತೆ ಅನಿಸುತ್ತದೆ.

ಲೇತ್_ಮೇಷ್ಟ್ರು
ಟರ್ಬೊ ಎರಡು ಅಡಿ ಮೇಲಿದ್ದರೆ ಐಡಲ್‌ನಲ್ಲಿ ನಡೆಯಬಹುದು. ಲೋಡ್ ಬಿದ್ದಾಗ, ಆಯಿಲ್ ಬಿಸಿಯಾಗಿ ನೊರೆ ಜಾಸ್ತಿಯಾದಾಗ ಆಟ ಮುಗಿಯುತ್ತದೆ. ಇವರು ಹತ್ತುವುದು ಗುಡ್ಡ ಅನ್ನೋದು ಮರೀಬೇಡಿ.

ಕರಾವಳಿ_ರೈಡರ್
ಮಾರಾಯ್ರೆ, ಆ ಅರ್ಧ ಗಂಟೆ ಕೆಲಸ ನಾನು ಮಾಡಿಸಿದ್ದೇನೆ. ಎಸ್ಟೀಮ್‌ಗೆ. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವಾಗ ಹಿಂದೆ ಬರುವವರು ಲೈಟ್ ಹಾಕಿಕೊಂಡು ಬರುತ್ತಿದ್ದರು. ಪೇಟೆಯಲ್ಲಿ ಮಕ್ಕಳು ಸೊಳ್ಳೆ ಹೊಗೆಯ ಗಾಡಿ ಬಂತು ಅಂತ ಓಡುತ್ತಿದ್ದರು. ತಮಾಷೆ ಅಲ್ಲ.

ಮೆಕ್ಯಾನಿಕ್ ಹೇಳಿದ ಟರ್ಬೊ ಸೀಲ್ ಹೋಗಿದೆ ಅಂತ. ಟರ್ಬೊದ ಕೋರ್, ಅಂದರೆ ಶಾಫ್ಟ್ ಬೇರಿಂಗ್ ಇರುವ ನಡುಭಾಗ, ಬದಲಾಯಿಸಿದೆವು. ಮತ್ತೆ ಹೊಗೆ. ಇನ್ನೊಂದು ಕೋರ್. ಮತ್ತೆ ಹೊಗೆ. ಕೊನೆಗೆ ಮಂಗಳೂರಿನಲ್ಲಿ ಒಬ್ಬ ಹಿರಿಯರು ಬಗ್ಗಿ ಕೆಳಗೆ ನೋಡಿ, "ಈ ಪೈಪ್ ಇಲ್ಲಿಗೆ ಕೊಟ್ಟವ ಯಾರು?" ಅಂತ ಒಂದೇ ಪ್ರಶ್ನೆ ಕೇಳಿದರು. ಚೇಂಬರ್ ಬಿಚ್ಚಿ ಮೇಲ್ಗಡೆ ಬೆಸುಗೆ ಹಾಕಿಸಿದ ಮೇಲೆ ಅದೇ ಟರ್ಬೊ ಒಂದು ಹನಿ ಎಣ್ಣೆ ಕುಡಿದಿಲ್ಲ. ಬಿಸಾಡಿದ ಎರಡೂ ಕೋರ್ ಪಾಪ ಸರಿಯಾಗೇ ಇದ್ದವು.

ಕಾನೂನು_ಕಾಕಾ
ಇದೆಲ್ಲ ಸರಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿದೆಯಾ? ಕಂಪನಿ ಕೊಟ್ಟ ಸ್ಪೆಸಿಫಿಕೇಶನ್‌ಗಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಬೀಳಬಹುದು, ಜೈಲಿನ ಮಾತೂ ಅದರಲ್ಲಿದೆ. ಇನ್ಶೂರೆನ್ಸ್ ಕೂಡ ಕೈ ಎತ್ತಬಹುದು.

ಮಲೆನಾಡ್_ಜಿಪ್ಸಿ
ಕಾಕಾ, ಗೊತ್ತಿದೆ. ಗಾಡಿ ಗೇಟು ದಾಟಲ್ಲ, ತೋಟದೊಳಗೆ ಮಾತ್ರ.

ಗುಜರಿ_ಗುರು
ಎಲ್ಲರ ಗಾಡಿಯೂ ತೋಟದೊಳಗೇ 😄

ಮಲೆನಾಡ್_ಜಿಪ್ಸಿ
ಡ್ರೈನ್ ಬೋಲ್ಟ್ ವಿಷಯ ಕೈಬಿಟ್ಟೆ. ಆಯಿಲ್ ಮಟ್ಟಕ್ಕಿಂತ ಮೇಲೆ ಕೊಡಬೇಕು, ಸರಿ. ಆದರೆ ಆ ಮಟ್ಟ ಹೊರಗಿನಿಂದ ಗೊತ್ತಾಗುವುದು ಹೇಗೆ? ಡಿಪ್‌ಸ್ಟಿಕ್ ಓರೆಯಾಗಿ ಒಳಗೆ ಹೋಗುತ್ತದೆ. ಅದರ ಗೆರೆ ಹೊರಗೆ ಎಲ್ಲಿ ಬರುತ್ತದೆ ಅಂತ ಲೆಕ್ಕ ಹಾಕಿ ತಲೆ ಕೆಟ್ಟಿದೆ.

ಸೈಟ್_ಎಂಜಿನಿಯರ್
ಇದು ನನ್ನ ಕೆಲಸದ್ದು, ಹೇಳ್ತೀನಿ. ಗಾರೆ ಮೇಸ್ತ್ರಿಗಳ ಲೆವೆಲ್ ಟ್ಯೂಬ್ ನೋಡಿದ್ದೀರಲ್ಲ? ಅದೇ ಉಪಾಯ. ಮೆಕ್ಯಾನಿಕ್ ತಂದ ಆ ನಿಪ್ಪಲ್ ಡ್ರೈನ್ ಬೋಲ್ಟ್ ಜಾಗಕ್ಕೆ ಹಾಕಿ. ಒಂದು ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಚೇಂಬರ್ ಪಕ್ಕದಲ್ಲಿ ಮೇಲಕ್ಕೆ ಕಟ್ಟಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೆ ಬರುವಷ್ಟು ಆಯಿಲ್ ಹಾಕಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಟ್ಯೂಬ್‌ನಲ್ಲಿ ಆಯಿಲ್ ಎಲ್ಲಿ ನಿಂತಿದೆಯೋ ಅದೇ ಚೇಂಬರ್ ಒಳಗಿನ ಮಟ್ಟ. ಹೊರಗೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ತೂತಿನ ಕೆಳ ಅಂಚು ಆ ಗೆರೆಗಿಂತ ಮೇಲಿರಲಿ.

ಲೇತ್_ಮೇಷ್ಟ್ರು
ವಾಹ್. ಇಷ್ಟು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಎಂಜಿನ್ ಓಡುವಾಗ ಸ್ವಲ್ಪ ಆಯಿಲ್ ಮೇಲೆ ಹೋಗಿರುವುದರಿಂದ ಮಟ್ಟ ಇನ್ನೂ ಕೆಳಗಿರುತ್ತದೆ, ಹಾಗಾಗಿ ನಿಂತಾಗಿನ ಗೆರೆ ಹಿಡಿದರೆ ಧೈರ್ಯವಾಗಿ ಇರಬಹುದು.

ಡೀಸೆಲ್_ದೇವ್ರು
ನೋಡಿ, ಆ ನಿಪ್ಪಲ್ ಉಪಯೋಗಕ್ಕೆ ಬಂತು. ನಾನು ಹೇಳಲಿಲ್ವಾ?

ಘಾಟ್_ರೋಡ್
ಒಂದು ಮಾತು. ಸಮತಟ್ಟಾದ ಜಾಗದ ಗೆರೆ ಮಾತ್ರ ನಂಬಬೇಡಿ. ಇದು ಜಿಪ್ಸಿ. ಬಿಸಿಲೆ ಕಡೆಯ ಏರಿನಲ್ಲಿ ಮೂತಿ ಮೇಲೆ ಹೋದಾಗ ಚೇಂಬರ್‌ನ ಆಯಿಲೆಲ್ಲ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಮೂಲೆಯಲ್ಲಿ ತೂತು ಕೊಟ್ಟಿದ್ದರೆ, ಟರ್ಬೊ ಜೋರಾಗಿ ಕೆಲಸ ಮಾಡುವ ಹೊತ್ತಿಗೇ ಸರಿಯಾಗಿ ಬಾಯಿ ಮುಳುಗುತ್ತದೆ. ಮುಂದಿನ ಕಡೆ ಕೊಟ್ಟರೆ ಏರಿನಲ್ಲಿ ಬಾಯಿ ತೆರೆದಿರುತ್ತದೆ. ಇಳಿಯುವಾಗ ಮುಳುಗಬಹುದು, ಆದರೆ ಇಳಿಯುವಾಗ ಬೂಸ್ಟ್ (ಟರ್ಬೊ ಒತ್ತುವ ಗಾಳಿ) ಯಾರಿಗೆ ಬೇಕು?

ಮುಂದಿನ ಆಕ್ಸಲ್ ಪೂರ್ತಿ ಮೇಲೆ ಬಂದಾಗ ಹೋಸ್‌ಗೆ ತಗಲುತ್ತಾ ಅಂತಲೂ ನೋಡಿ. ಒಂದು ಚಕ್ರ ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿ, ಕೆಳಗೆ ಮಲಗಿ ನೋಡಿದರೆ ಸಾಕು. ಇದನ್ನು ಮರೆತು ಒಬ್ಬರ ಹೋಸ್ ಹರಿದು, ಐದೇ ನಿಮಿಷದಲ್ಲಿ ಆಯಿಲ್ ಖಾಲಿಯಾದ ಕತೆ ಇದೆ. ಆ ಒಬ್ಬರು ನಾನೇ.

ಮಿಷಿಗನ್_ಕನ್ನಡಿಗ
ಇಲ್ಲಿ ನನ್ನ ಹತ್ತಿರ 1999ರ ಮಾಜ್ಡಾ ಮಿಯಾಟಾ ಕಾರು ಇದೆ. ಈ ಗಾಡಿಗೆ ಟರ್ಬೊ ಹಾಕುವವರು ಬಹಳ ಜನ ಚೇಂಬರ್ ಬಿಚ್ಚುವುದೇ ಇಲ್ಲ. ಬಿಚ್ಚಬೇಕು ಅಂದರೆ ಎಂಜಿನ್ ಎತ್ತಬೇಕು ಅಥವಾ ಕೆಳಗಿನ ಸಬ್‌ಫ್ರೇಮ್ ಇಳಿಸಬೇಕು. ಹಾಗಾಗಿ ಗಾಡಿಯಲ್ಲೇ ಇಟ್ಟುಕೊಂಡು ಡ್ರಿಲ್ ಮಾಡಿ, ಅರ್ಧ ಇಂಚಿನ ಪೈಪ್ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹೊಡೆದು ಫಿಟ್ಟಿಂಗ್ ಹಾಕುತ್ತಾರೆ. ಡ್ರಿಲ್ ಬಿಟ್‌ಗೆ, ಟ್ಯಾಪ್‌ಗೆ ಗ್ರೀಸ್ ಮೆತ್ತಿಕೊಂಡರೆ ಚೂರು ಗ್ರೀಸ್‌ಗೆ ಅಂಟುತ್ತದೆ. ನಾನೂ ಹಾಗೇ ಮಾಡಿದೆ. ಎರಡು ಸುತ್ತು ತಿರುಗಿಸು, ಹೊರಗೆ ತೆಗೆ, ಒರೆಸು, ಮತ್ತೆ ಗ್ರೀಸ್. ಇಡೀ ಶನಿವಾರ ಹೋಯಿತು. ಆರು ವರ್ಷ ಆಯಿತು, ಏನೂ ತೊಂದರೆ ಇಲ್ಲ.

ಹುಬ್ಳಿ_ಮಂದಿ
ಅಣ್ಣಾರ, ನಿಮ್ಮ ಮಿಯಾಟಾ ಚೇಂಬರ್ ಎರಕದ ಅಲ್ಯೂಮಿನಿಯಂ, ಗೋಡೆ ದಪ್ಪ ಐತಿ. ಇವರದು ತಗಡು. ಅರ್ಧ ಇಂಚಿನ ಪೈಪ್ ಥ್ರೆಡ್ ಅಂದ್ರ ಇಂಚಿಗೆ 14 ಎಳೆ, ಒಂದು ಎಳೆಗೆ 1.8 ಎಂಎಂ. ತಗಡು ಇರೋದೇ ಒಂದೂವರೆ ಎಂಎಂ ಆಸುಪಾಸು. ಒಂದು ಪೂರಾ ಎಳೆನೂ ಕೂರಂಗಿಲ್ರಿ. ಟ್ಯಾಪ್ ಹೊಡದ್ರ ತಗಡು ಹರೀತದ, ಅಷ್ಟ.

ಮಿಷಿಗನ್_ಕನ್ನಡಿಗ
ಹೌದು ಹೌದು, ತಗಡಿನದು ಅಂತ ಬರೆದಿದ್ದನ್ನು ಗಮನಿಸಲಿಲ್ಲ. ತಗಡಿಗೆ ಟ್ಯಾಪ್ ಬೇಡ.

ಗುಜರಿ_ಗುರು
ಗ್ರೀಸ್ ವಿಚಾರದಲ್ಲಿ ನನಗೆ ನಂಬಿಕೆ ಇಲ್ಲ. ಅಲ್ಯೂಮಿನಿಯಂ ಚೂರು ಒಳಗೆ ಬಿದ್ದರೆ ಮ್ಯಾಗ್ನೆಟ್‌ಗೂ ಅಂಟಲ್ಲ. ಪಂಪಿನ ಜಾಲರಿ ದೊಡ್ಡ ಚೂರು ತಡೆಯುತ್ತೆ, ಸಣ್ಣದು ಪಂಪ್ ಗೇರ್ ತನಕ ಹೋಗುತ್ತೆ.

ಮಿಷಿಗನ್_ಕನ್ನಡಿಗ
ಆಮೇಲೆ ಅರ್ಧ ಲೀಟರ್ ಹಳೆ ಆಯಿಲ್ ಆ ತೂತಿನಿಂದಲೇ ಸುರಿದು ಡ್ರೈನ್‌ನಲ್ಲಿ ತೆಗೆದೆ. ಎರಡು ಸಲ. ಬಂದ ಚೂರು ಎಷ್ಟು ಅಂದರೆ ಒಂದು ಸಾಸಿವೆ ಕಾಳಿನಷ್ಟು. ಆದರೂ ನಿಮ್ಮ ಮಾತು ಒಪ್ತೀನಿ. ಬಿಚ್ಚಲು ಆಗುವ ಚೇಂಬರ್ ಆದರೆ ಬಿಚ್ಚೋದೇ ಸರಿ.

ಎಂ_ಸೀಲ್_ಮಾಮ
ತೂತು ಹೊಡೆದು ಪೈಪ್ ಸಿಕ್ಕಿಸಿ ಸುತ್ತ ಎಂ-ಸೀಲ್ ಮೆತ್ತಿ. ನಮ್ಮ ಪಂಪ್‌ಸೆಟ್‌ಗೆ ಹತ್ತು ವರ್ಷದಿಂದ ಹಾಗೇ ಇದೆ.

ಲೇತ್_ಮೇಷ್ಟ್ರು
ಮಾಮಾ, ಪಂಪ್‌ಸೆಟ್ ನೀರು ತಣ್ಣಗಿರುತ್ತೆ. ಇಲ್ಲಿ ಆಯಿಲ್ 100 ಡಿಗ್ರಿ ದಾಟುತ್ತೆ, ಜೊತೆಗೆ ಎಂಜಿನ್ ನಡುಕ. ಬೇಡ.

ಎಂ_ಸೀಲ್_ಮಾಮ
ಹೆಸರಿಗೆ ತಕ್ಕ ಹಾಗೆ ಹೇಳಿದೆ ಅಷ್ಟೇ.

ಮಲೆನಾಡ್_ಜಿಪ್ಸಿ
ಚೇಂಬರ್ ಬಿಚ್ಚುತ್ತೇನೆ. ಹಾಗಾದರೆ ಬೆಸುಗೆನಾ? ಹಾಸನದ ಗೆಳೆಯ ವೆಲ್ಡಿಂಗ್ ಬೇಡ, ನಟ್ ಹಾಕಿ ಬಿಗಿಯುವ ಫಿಟ್ಟಿಂಗ್ ಸಿಗುತ್ತೆ ಅನ್ನುತ್ತಿದ್ದಾನೆ.

ಹುಬ್ಳಿ_ಮಂದಿ
ಅದೂ ಆಗ್ತದ್ರಿ. ಫಿಟ್ಟಿಂಗ್ ಹೊರಗಿಂದ ತೂರಿಸಿ, ಒಳಗಿಂದ ನಟ್. ಎರಡೂ ಕಡೆ ಡೌಟಿ ವಾಷರ್ (ರಬ್ಬರ್ ಅಂಚಿರೋ ಲೋಹದ ವಾಷರ್) ಹಾಕ್ರಿ, ಬರೇ ತಾಮ್ರದ ವಾಷರ್ ತಗಡಿನ ಮ್ಯಾಲೆ ಸರಿ ಕೂರಂಗಿಲ್ಲ. ಆದ್ರ ಆ ಜಾಗ ಚಪ್ಪಟೆ ಇರಬೇಕು. ಚೇಂಬರ್ ಮೂಲಿ ಹತ್ರ ಬಾಗಿದ್ರ ಸೋರ್ತದ. ನಟ್‌ಗೆ ಲಾಕ್‌ಟೈಟ್ (ಥ್ರೆಡ್ ಸಡಿಲಾಗದಂಗ ಹಿಡಿಯೋ ಅಂಟು) ಹಾಕೂದು ಮರೀಬ್ಯಾಡ್ರಿ. ಒಳಗ ಬಿಚ್ಚಿ ಬಿದ್ರ ನೀವು ಹೊರಗ ನಿಂತು ಅಳಬೇಕು.

ಲೇತ್_ಮೇಷ್ಟ್ರು
ನನ್ನ ಮತ ಬೆಸುಗೆಗೆ. ನಾನು ಪೀಣ್ಯದಲ್ಲಿ ಇಂಥದ್ದು ಮೂರು ನಾಲ್ಕು ಮಾಡಿದ್ದೇನೆ. ಕೆಲಸ ಹೇಗೆ ಕೆಡುತ್ತದೆ ಅಂತ ಹೇಳ್ತೀನಿ, ಆಗ ಹೇಗೆ ಮಾಡಬೇಕು ಅನ್ನೋದು ತಾನೇ ಗೊತ್ತಾಗುತ್ತದೆ.

ಮೊದಲು ಬುಷ್, ಅಂದರೆ ತೂತಿಗೆ ಬೆಸೆಯುವ ಗಿಡ್ಡ ಕೊಳವೆ. ಲೇತ್‌ನಲ್ಲಿ ಮೈಲ್ಡ್ ಸ್ಟೀಲ್ ಬುಷ್ ತಿರುವಿಸಿ, ಒಳಗಿನ ತೂತು 16 ಎಂಎಂ. ಅದಕ್ಕೆ ಕಾಲರ್ ಬಿಡಿಸಿ, ಆಗ ತಗಡಿನ ಮೇಲೆ ಸರಿಯಾಗಿ ಕೂರುತ್ತದೆ. ಒಳಗೆ ಎರಡು ಎಂಎಂಗಿಂತ ಜಾಸ್ತಿ ಚಾಚುವುದು ಬೇಡ. ಕ್ರ್ಯಾಂಕ್‌ನ ತೂಕ ತಿರುಗುವ ದಾರಿಗೆ ಎಷ್ಟು ಹತ್ತಿರ ಅಂತ ನೋಡಿಕೊಳ್ಳಿ. ಕ್ರ್ಯಾಂಕ್ ಎರಚುವ ಆಯಿಲ್ ನೇರವಾಗಿ ಬುಷ್ ಬಾಯಿಗೆ ಬಡಿಯುವ ಜಾಗವೂ ಬೇಡ.

ಚೇಂಬರ್ ತೊಳೆಯಲು ಪೆಟ್ರೋಲ್ ಬಳಸಿ ಹಾಗೇ ವೆಲ್ಡಿಂಗ್‌ಗೆ ಕೊಡುವ ಮಹಾನುಭಾವರು ಇದ್ದಾರೆ. ದಯವಿಟ್ಟು ಬೇಡ. ಬಿಸಿನೀರು, ಸೋಪಿನ ಪುಡಿ, ಚೆನ್ನಾಗಿ ಉಜ್ಜಿ ಬಿಸಿಲಿಗೆ ಒಣಗಿಸಿ. ಬಣ್ಣವನ್ನೂ ಕೆರೆದು ಬೆಳ್ಳಿ ಬಣ್ಣ ಬರಿಸಿ.

ಸಿಒ2 ವೆಲ್ಡಿಂಗ್ ಅಥವಾ ಟಿಗ್, ಯಾವುದಾದರೂ ಸರಿ. ತಗಡು ತೆಳು, ಬುಷ್ ದಪ್ಪ. ಒಂದೇ ಉಸಿರಿಗೆ ಸುತ್ತು ಹೊಡೆದರೆ ತಗಡು ಸುಟ್ಟು ತೂತು ದೊಡ್ಡದಾಗುತ್ತದೆ, ಇಲ್ಲ ಪ್ಯಾಕಿಂಗ್ ಕೂರುವ ಅಂಚು ಸೊಟ್ಟ ಆಗುತ್ತದೆ. ಚುಕ್ಕಿ ಚುಕ್ಕಿ ಇಟ್ಟು, ಎದುರು ಬದುರು ಹೋಗಬೇಕು. ಚೇಂಬರನ್ನು ದಪ್ಪ ಪ್ಲೇಟ್‌ಗೆ ಬೋಲ್ಟ್ ಮಾಡಿಕೊಂಡು ವೆಲ್ಡ್ ಮಾಡಿದರೆ ಅಂಚು ಬಾಗುವುದಿಲ್ಲ.

ಸೋರಿಕೆ ನೋಡಲು ಹಳೇ ವಿದ್ಯೆ ಇದೆ. ಹೊರಗಡೆ ಬೆಸುಗೆ ಮೇಲೆ ಸುಣ್ಣ ಬಳಿದು ಒಣಗಿಸಿ. ಒಳಗಡೆ ಸೀಮೆಎಣ್ಣೆ ಸವರಿ. ಒಂದು ಗಂಟೆ ಬಿಟ್ಟು ನೋಡಿದರೆ ಸೂಜಿಮೊನೆಯಷ್ಟು ತೂತಿದ್ದರೂ ಸುಣ್ಣದ ಮೇಲೆ ಕಲೆ ಮೂಡುತ್ತದೆ.

ಅಡಿಕೆ_ಪಡ್ಡೆ
ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತೆ ಮೇಷ್ಟ್ರೇ?

ಲೇತ್_ಮೇಷ್ಟ್ರು
ಡೀಸೆಲ್ ಆದರೂ ಆದೀತು, ಸ್ವಲ್ಪ ಹೊತ್ತು ಜಾಸ್ತಿ ಬಿಡಿ.

ಜೆಸಿ_ರೋಡ್_ಜಾಣ
ಹೋಸ್ ಬಗ್ಗೆ ಯಾರೂ ಬರೆದಿಲ್ಲ. ರೇಡಿಯೇಟರ್ ಹೋಸ್ ಹಾಕಬೇಡಿ, ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತೆ. ಬಣ್ಣ ಬಣ್ಣದ ಸಾದಾ ಸಿಲಿಕೋನ್ ಹೋಸ್ ಕೂಡ ಬೇಡ. ಬಿಸಿ ತಡೆಯುತ್ತೆ, ಆದರೆ ಆಯಿಲ್ ಬೆವರುತ್ತೆ. ಕಂಪನಿ ಗಾಡಿಗಳಲ್ಲಿ ನೋಡಿ: ಬಹುಪಾಲು ಕಬ್ಬಿಣದ ಪೈಪ್, ನಡುವೆ ಒಂದು ತುಂಡು ರಬ್ಬರ್. ಪೂರ್ತಿ ಪೈಪ್ ಆದರೆ ನಡುಕಕ್ಕೆ ಬಿರುಕು ಬಿಡುತ್ತೆ, ಪೂರ್ತಿ ರಬ್ಬರ್ ಆದರೆ ಮ್ಯಾನಿಫೋಲ್ಡ್ ಬಿಸಿಗೆ ಸುಡುತ್ತೆ. ರಬ್ಬರ್ ತುಂಡು ವೈಟಾನ್ (ಎಣ್ಣೆಗೂ ಬಿಸಿಗೂ ಜಗ್ಗದ ರಬ್ಬರ್) ಸಿಕ್ಕಿದರೆ ಒಳ್ಳೇದು, 200 ಡಿಗ್ರಿ ತನಕ ತಡೆಯುತ್ತೆ.

ಜೆಸಿಬಿಗೆ ಹೋಸ್ ಮಾಡಿಕೊಡುವ ಅಂಗಡಿಗೆ ಹೋಗಿ. ರೇಸಿಂಗ್ ಅಂಗಡಿಯವರು ಎಎನ್-10 ಅಂತ ದೊಡ್ಡ ಬೆಲೆಗೆ ಮಾರುವ ಫಿಟ್ಟಿಂಗ್‌ನ ಥ್ರೆಡ್ ಜೆಸಿಬಿ ಅಂಗಡಿಯ 7/8 ಇಂಚಿನ ಜೆಐಸಿ (ಹೈಡ್ರಾಲಿಕ್ ಹೋಸ್‌ನ ಫಿಟ್ಟಿಂಗ್) ಮಾದರಿಯದೇ. ಎರಡಕ್ಕೂ 37 ಡಿಗ್ರಿ ಕೋನ. ಮೊಣಕೈ ಬೇಕಾದರೆ 45 ಡಿಗ್ರಿಯದು ತಗೊಳ್ಳಿ. 90 ಡಿಗ್ರಿ ಬೇಡ. ಹೋಸ್ ಎಲ್ಲೂ ಜೋಲಿ ಬೀಳಬಾರದು. ಒಂದು ಕಡೆ ತಗ್ಗಾಗಿ ಮತ್ತೆ ಮೇಲೆ ಹತ್ತಿತು ಅಂದರೆ ಅಲ್ಲೇ ಆಯಿಲ್ ನಿಲ್ಲುತ್ತೆ, ಅದು ಡ್ರೈನ್ ಬೋಲ್ಟ್ ಕತೆಯೇ.

ಫೀಡ್ ಕಡೆ ಒಂದು ಎಚ್ಚರಿಕೆ. ಜಪಾನಿ ಎಂಜಿನ್‌ನಲ್ಲಿ ಪ್ರೆಷರ್ ಸ್ವಿಚ್ ಥ್ರೆಡ್ 1/8 ಬಿಎಸ್‌ಪಿಟಿ (ಬ್ರಿಟಿಷ್ ಪೈಪ್ ಥ್ರೆಡ್), ಇಂಚಿಗೆ 28 ಎಳೆ. ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್) 27 ಎಳೆ. ನೋಡಲು ಒಂದೇ ತರಹ, ಎರಡು ಸುತ್ತು ಹೋಗುತ್ತೆ ಕೂಡ. ಆಮೇಲೆ ಬ್ಲಾಕ್‌ನ ಥ್ರೆಡ್ ಹಾಳು.

ಮಲೆನಾಡ್_ಜಿಪ್ಸಿ
ಟಿ ಮೂರು ಸುತ್ತಿಗೇ ಬಿಗಿಯಾಗಿತ್ತು. ಈಗಲೇ ಹೋಗಿ ನೋಡ್ತೀನಿ.

ಬೂಸ್ಟ್_ಭಟ್ಟ
ಟರ್ಬೊ ಕೆಳಗಿನ ಫ್ಲೇಂಜ್‌ಗೆ ಅನಾಬಾಂಡ್ (ಸೋರದಂತೆ ಬಳಿಯುವ ಅಂಟು) ಬಳಿಯಬೇಡಿ. ಪೇಪರ್ ಅಥವಾ ಮೆಟಲ್ ಪ್ಯಾಕಿಂಗ್ ಮಾತ್ರ. ಒಳಗೆ ಉಬ್ಬಿದ ಅನಾಬಾಂಡ್ ತೂತನ್ನು ಅರ್ಧ ಮುಚ್ಚಿಬಿಡುತ್ತೆ. ಟರ್ಬೊವನ್ನೂ ಓರೆಯಾಗಿ ಕೂರಿಸಬೇಡಿ, ರಿಟರ್ನ್ ಬಾಯಿ ನೇರ ಕೆಳಗೆ ನೋಡುತ್ತಿರಲಿ. ಸ್ವಲ್ಪ ವಾಲಿದರೆ ಪರವಾಗಿಲ್ಲ, 35 ಡಿಗ್ರಿ ದಾಟಬಾರದು.

ಅಂದ ಹಾಗೆ, ಬ್ರೀದರ್ ಹೋಸ್ (ಎಂಜಿನ್ ಒಳಗಿನ ಆವಿ ಹೊರಬಿಡುವ ಹೋಸ್) ಈಗ ಎಲ್ಲಿಗೆ ಕೊಟ್ಟಿದ್ದೀರಿ?

ಪೆಟ್ರೋಲ್_ಪಂಡಿತ
ಡೀಸೆಲ್ ಟರ್ಬೊ ಪೆಟ್ರೋಲ್ ಎಂಜಿನ್‌ಗೆ! ಅದರ ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ. ಡೀಸೆಲ್ ಟರ್ಬೊದ ಟರ್ಬೈನ್ ಸುಮಾರು 850 ಡಿಗ್ರಿ ಲೆಕ್ಕದಲ್ಲಿ ಮಾಡಿದ್ದು. ಪೆಟ್ರೋಲ್ ಫುಲ್ ಲೋಡ್‌ನಲ್ಲಿ 900 ದಾಟುತ್ತೆ. ರಿಟರ್ನ್ ಎಷ್ಟು ಚೆನ್ನಾಗಿ ಮಾಡಿದರೂ ಹೌಸಿಂಗ್ ಬಿರುಕು ಬಿಡುತ್ತೆ ನೋಡ್ತಿರಿ.

ಕರಾವಳಿ_ರೈಡರ್
ನನ್ನ ಎಸ್ಟೀಮ್‌ನಲ್ಲೂ ಡೀಸೆಲ್‌ನದ್ದೇ. ಮೂರು ವರ್ಷ.

ಪೆಟ್ರೋಲ್_ಪಂಡಿತ
ನೀವು ಓಡಿಸಿದ್ದಕ್ಕಿಂತ ಹೊಗೆ ಬಿಟ್ಟಿದ್ದೇ ಜಾಸ್ತಿ ಅಲ್ವಾ 😂

ಘಾಟ್_ರೋಡ್
ಕಡಿಮೆ ಬೂಸ್ಟ್, ಐದು ನಿಮಿಷದ ಏರು, ಆಮೇಲೆ ಇಳಿಜಾರು. ಅಷ್ಟಕ್ಕೆ ತಾಳುತ್ತೆ. ಹೈವೇಯಲ್ಲಿ ಗಂಟೆಗಟ್ಟಲೆ ಒದೆಯುವವರಿಗೆ ಪಂಡಿತರ ಮಾತು ಸರಿ.

ಮಲೆನಾಡ್_ಜಿಪ್ಸಿ
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಮಳೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ.

ಲೆವೆಲ್ ಟ್ಯೂಬ್ ಉಪಾಯಕ್ಕೆ ಕೈ ಮುಗಿದೆ. ನಾನು ಕಣ್ಣಳತೆಯಲ್ಲಿ ಅಂದುಕೊಂಡಿದ್ದಕ್ಕಿಂತ ಗೆರೆ ನಾಲ್ಕು ಬೆರಳು ಮೇಲೆ ಬಂತು. ಚೇಂಬರ್ ಬಿಚ್ಚಲು ಚಾಸಿ ಎತ್ತಿ ಆಕ್ಸಲ್ ಜೋತು ಬಿಡಬೇಕಾಯಿತು. ಒಂದು ದಿನ ಪೂರ್ತಿ ಅದಕ್ಕೇ. ಹಾಸನದಲ್ಲಿ ಬುಷ್ ತಿರುವಿಸಿ ಸಿಒ2 ಬೆಸುಗೆ. ಸುಣ್ಣ ಹಚ್ಚಿ ನೋಡಿದಾಗ ಒಂದು ಕಡೆ ಕಲೆ ಬಂತು! ಮತ್ತೆ ಹೋಗಿ ಚುಕ್ಕಿ ಹಾಕಿಸಿಕೊಂಡು ಬಂದೆ. ಅನಾಬಾಂಡ್ ಹಚ್ಚಿ ಕೂರಿಸಿದ ಮೇಲೆ ಗೊತ್ತಾಗಿದ್ದರೆ ಅಷ್ಟೇ ಗತಿ. ಫೀಡ್‌ನ ಟಿ ಎನ್‌ಪಿಟಿನೇ ಆಗಿತ್ತು, ಬದಲಾಯಿಸಿದೆ. ಬ್ಲಾಕ್ ಉಳಿಯಿತು.

ಸ್ಟಾರ್ಟ್ ಮಾಡುವ ಮೊದಲು ಟರ್ಬೊ ಫೀಡ್ ಬಾಯಿಗೆ ಆಯಿಲ್ ಹುಯ್ದು, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಇಂಜೆಕ್ಟರ್ ಪ್ಲಗ್ ಕಿತ್ತು ಬರೀ ಸೆಲ್ಫ್ ಹೊಡೆದೆ. ರಿಟರ್ನ್ ಹೋಸ್ ಬಿಚ್ಚಿ ಬಕೆಟ್‌ಗೆ ಬಿಟ್ಟಿದ್ದೆ. ಆಯಿಲ್ ಬೀಳುವುದನ್ನು ಕಣ್ಣಾರೆ ನೋಡಿಯೇ ಹೋಸ್ ಹಾಕಿದ್ದು. ಸ್ಟಾರ್ಟ್ ಆಯಿತು. ಹತ್ತು ನಿಮಿಷ ನೀಲಿ ಹೊಗೆ ಬಂದು ನಿಂತಿತು, ಗುಜರಿ ಟರ್ಬೊ ಒಳಗಿನ ಹಳೇ ಎಣ್ಣೆ ಇರಬೇಕು. ಖುಷಿಯಾಗಿ ಗುಡ್ಡಕ್ಕೆ ಹೊರಟೆ.

ಏರಿನಲ್ಲಿ ಬೂಸ್ಟ್ ಬಂದ ತಕ್ಷಣ ಮತ್ತೆ ಹೊಗೆ. ಕರಾವಳಿ ಅಣ್ಣನ ಸೊಳ್ಳೆ ಗಾಡಿಯೇ. ಐಡಲ್‌ನಲ್ಲಿ ಏನೂ ಇಲ್ಲ. ಮಟ್ಟ ಸರಿ, ಹೋಸ್ ನೇರ, ಪ್ಯಾಕಿಂಗ್ ಪೇಪರ್‌ದು. ಏನು ಬಿಟ್ಟೆ?

ಬೂಸ್ಟ್_ಭಟ್ಟ
ಮೂರು ವಾರದ ಹಿಂದೆ ಒಂದು ಪ್ರಶ್ನೆ ಕೇಳಿದ್ದೆ. ಬ್ರೀದರ್ ಹೋಸ್ ಎಲ್ಲಿಗೆ ಕೊಟ್ಟಿದ್ದೀರಿ?

ಮಲೆನಾಡ್_ಜಿಪ್ಸಿ
ಅದನ್ನು ಮುಟ್ಟಿಲ್ಲ. ಮೊದಲು ಎಲ್ಲಿತ್ತೋ ಅಲ್ಲೇ, ವಾಲ್ವ್ ಕವರ್‌ನಿಂದ ಥ್ರಾಟಲ್ ಮುಂದಿನ ಗಾಳಿ ಪೈಪ್‌ಗೆ.

ಲೇತ್_ಮೇಷ್ಟ್ರು
ಅಯ್ಯೋ.

ಬೂಸ್ಟ್_ಭಟ್ಟ
ಮೊದಲು ಆ ಪೈಪ್‌ನಲ್ಲಿ ಗಾಳಿ ಸುಮ್ನೆ ಎಳೆದುಕೊಂಡು ಹೋಗುತ್ತಿತ್ತು. ಈಗ ಅದು ಟರ್ಬೊ ಆದಮೇಲಿನ ಪೈಪ್, ಅಲ್ವಾ? ಬೂಸ್ಟ್ ಅದರಲ್ಲೇ ಇದೆ. ನೀವು ಬೂಸ್ಟನ್ನು ನೇರವಾಗಿ ಎಂಜಿನ್ ಹೊಟ್ಟೆಗೆ ಊದುತ್ತಿದ್ದೀರಿ. ಚೇಂಬರ್ ಒಳಗೆ ಗಾಳಿ ತುಂಬಿ ಒತ್ತುತ್ತಿರುವಾಗ ರಿಟರ್ನ್ ಆಯಿಲ್ ಒಳಗೆ ಹೇಗೆ ಬೀಳುತ್ತೆ? ಹಳ್ಳ ತುಂಬದಿದ್ದರೂ ಕಾಲುವೆಯ ಬಾಯಿಗೆ ಯಾರೋ ಕೈ ಅಡ್ಡ ಹಿಡಿದ ಹಾಗೆ.

ಆ ಹೋಸ್ ಕಿತ್ತು ಟರ್ಬೊ ಮುಂಚಿನ ಪೈಪ್‌ಗೆ, ಅಂದರೆ ಏರ್ ಫಿಲ್ಟರ್ ಮತ್ತು ಟರ್ಬೊ ನಡುವೆ ಕೊಡಿ. ನಡುವೆ ಒಂದು ಕ್ಯಾಚ್ ಕ್ಯಾನ್ (ಆವಿಯಲ್ಲಿನ ಎಣ್ಣೆ ಹಿಡಿಯುವ ಡಬ್ಬಿ) ಹಾಕಿ. ಇನ್ನೊಂದು ಪಿಸಿವಿ ಹೋಸ್ (ಅದೂ ಎಂಜಿನ್ ಆವಿಯದೇ) ಥ್ರಾಟಲ್ ಹಿಂದೆ ಇಂಟೇಕ್ ಮ್ಯಾನಿಫೋಲ್ಡ್‌ಗೆ ಹೋಗುತ್ತಲ್ಲ, ಅದರಲ್ಲಿ ಒಳ್ಳೆಯ ನಾನ್-ರಿಟರ್ನ್ ವಾಲ್ವ್ ಹಾಕಿ. ಕಂಪನಿ ಪಿಸಿವಿ ಬೂಸ್ಟ್ ತಡೆಯಲು ಮಾಡಿದ್ದಲ್ಲ.

ಡೀಸೆಲ್_ದೇವ್ರು
ಅಂದರೆ ಪ್ರೆಷರ್ ತಳ್ಳುತ್ತೆ ಅಂತ ನಾನು ಹೇಳಿದ್ದು ಸರಿ, ದಿಕ್ಕು ಮಾತ್ರ ಉಲ್ಟಾ.

ಮಲೆನಾಡ್_ಜಿಪ್ಸಿ
ಭಟ್ರೇ, ಕ್ಷಮಿಸಿ, ನಿಮ್ಮ ಪ್ರಶ್ನೆ ನೋಡಿಯೂ ಮರೆತೆ. ನಿನ್ನೆ ಬದಲಾಯಿಸಿದೆ. ಮೂರು ಸಲ ಗುಡ್ಡ ಹತ್ತಿಸಿದೆ, ಹಿಂದೆ ಬೈಕಿನಲ್ಲಿ ತಮ್ಮನನ್ನು ಕೂರಿಸಿ ನೋಡಲು ಹೇಳಿದ್ದೆ. ಹೊಗೆ ಇಲ್ಲ. ಬುಷ್ ಹತ್ತಿರ ಒಂದು ತೇವ ಕಾಣುತ್ತಿದೆ, ಹನಿ ಬೀಳುವಷ್ಟಿಲ್ಲ. ಒರೆಸಿ ನೋಡ್ತಾ ಇದ್ದೇನೆ.

ಜೆಸಿ_ರೋಡ್_ಜಾಣ
ಕ್ಯಾಚ್ ಕ್ಯಾನ್ ಎಲ್ಲಿಂದ ತಂದಿರಿ? ಈಗ ಅದಕ್ಕೂ ಮೂರು ಸಾವಿರ ಕೇಳ್ತಾರೆ.

ಮಲೆನಾಡ್_ಜಿಪ್ಸಿ
ಅಡುಗೆಮನೆಯ ಸ್ಟೀಲ್ ಕಾಫಿಪುಡಿ ಡಬ್ಬಿ. ಎರಡು ನಿಪ್ಪಲ್ ಬೆಸುಗೆ ಹಾಕಿಸಿ, ಒಳಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುಂಬಿದ್ದೇನೆ. ಅಮ್ಮ ಎರಡು ದಿನದಿಂದ ಡಬ್ಬಿ ಹುಡುಕುತ್ತಿದ್ದಾರೆ. ಬಾನೆಟ್ ತೆರೆಯುವ ಕೆಲಸ ಬಂದರೆ ಗಾಡಿ ಹಿಂದಿನ ಶೆಡ್‌ಗೆ ತಗೊಂಡು ಹೋಗ್ತೀನಿ.